ಬಾಡಿಗೆ ಮನೆ ಮಾತುಕತೆ: 'ಎಡವಟ್ಟಾಗಿಬಿಟ್ರೆ?' ಅನ್ನುವ ಭಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಗೆ ಬಂದ 16 ವರ್ಷದಲ್ಲಿ ಏಳು ಮನೆ ಬದಲಿಸಿದ್ದೇನೆ. ಹಾಗಾಗಿ ಊರಿನ ಕಡೆಯಿಂದ ಯಾರು ಹೊಸದಾಗಿ ಬಂದರೂ ನನಗೊಂದು ಫೋನ್ ಬರುತ್ತದೆ. ಮನೆ ಎಲ್ಲಿ ಹುಡುಕಲಿ ಅಂತ ಕೇಳುವವರು ಕಡಿಮೆ. ಅದಕ್ಕೆ ಆ್ಯಪ್‌ಗಳಿವೆ, ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡ್‌ಗಳಿವೆ. ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಓನರ್ ಹತ್ರ ಮಾತಾಡುವಾಗ ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ?" ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಬೇರೆ ಅಂಕಿ ಹೇಳದ ಕಡೆಯೆಲ್ಲ ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಮನೆ ಅಂತ ಲೆಕ್ಕ ಹಿಡಿಯಿರಿ.

ಮನೆ ನೋಡುವ ತನಕ ಚೆನ್ನಾಗಿಯೇ ಇರುತ್ತೇನೆ. ದುಡ್ಡಿನ ಮಾತು ಬಂದ ತಕ್ಷಣ ಬಾಯಿ ಒಣಗುತ್ತದೆ. ನನಗೆ ಮಾತ್ರ ಹೀಗಾ?

ಅಲ್ಲ. ನನ್ನ ಎರಡನೇ ಮನೆಯ ಕಥೆ ಕೇಳಿ. ಓನರ್ ಮನೆಯ ಹಾಲ್. ಟಿವಿಯಲ್ಲಿ ಧಾರಾವಾಹಿ, ಮ್ಯೂಟ್ ಮಾಡಿದ್ದಾರೆ. ನನ್ನ ಕೈಯಲ್ಲಿ ಸ್ಟೀಲ್ ಲೋಟ. ಕಾಫಿ ಬೆರಳು ಸುಡುತ್ತಿದೆ, ಕೆಳಗಿಡೋಣ ಅಂದರೆ ಟೀಪಾಯಿ ದೂರ. ಯಜಮಾನರು "ಹದಿನಾಲ್ಕು ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು" ಅಂದರು. ಹದಿಮೂರಕ್ಕೆ ಕೇಳಬೇಕು ಅಂತ ಬಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು "ಆಯ್ತು ಸಾರ್". ಕಾಫಿ ಆರುವ ಮೊದಲೇ ವ್ಯವಹಾರ ಮುಗಿದಿತ್ತು.

ಆವತ್ತು ನಾನು ಹೆದರಿದ್ದು ಸಾವಿರ ರೂಪಾಯಿಗಲ್ಲ. ಕಡಿಮೆ ಕೇಳಿದರೆ ಜಿಪುಣ ಅಂದುಕೊಂಡಾರು, ತಪ್ಪು ಕೇಳಿದರೆ ಏನೂ ಗೊತ್ತಿಲ್ಲದವನು ಅಂದುಕೊಂಡಾರು ಅಂತ. ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವವರೇ, ಚಪ್ಪಲಿ ಬಿಚ್ಚಿಟ್ಟು ಒಬ್ಬರ ಮನೆಯೊಳಗೆ ಕೂತರೆ ಬಾಯಿ ಬಿಡುವುದಿಲ್ಲ. ಅವರ ಕಾಫಿ ಕುಡಿದ ಮೇಲೆ ನಾವು ನೆಂಟರಾಗಿಬಿಡುತ್ತೇವೆ. ನೆಂಟರು ಚೌಕಾಸಿ ಮಾಡುವುದುಂಟಾ?

ನಾನೀಗಲೂ ಕಾಫಿ ಬೇಡ ಅನ್ನುವುದಿಲ್ಲ. ಆದರೆ ದುಡ್ಡಿನ ಮಾತನ್ನು ಆದಷ್ಟೂ ಆ ಖಾಲಿ ಮನೆಯಲ್ಲೇ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಮುಗಿಸುತ್ತೇನೆ. ಕಾಫಿ ಆಮೇಲೆ.

ಕಡಿಮೆ ಕೇಳಿದರೆ, ತಡವರಿಸಿದರೆ, ಅವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಅಂತ ತಲೆ ತುಂಬಾ ಅದೇ.

ನಾವು ಅಂದುಕೊಂಡಷ್ಟು ಜನ ನಮ್ಮನ್ನು ಗಮನಿಸುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ಟೀ ಶರ್ಟ್ ಹಾಕಿಸಿ ನೋಡಿದ್ದಾರೆ. 2000ರಲ್ಲಿ ಪ್ರಕಟವಾದ ಅಧ್ಯಯನ. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. "ಎಷ್ಟು ಜನ ನೋಡಿರಬಹುದು?" ಅಂತ ಕೇಳಿದರೆ, ಹಾಕಿಕೊಂಡವರು ಸುಮಾರು ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟೇ.

ನಮ್ಮ ಹಳೆಯ ದನದ ವ್ಯಾಪಾರಿಗಳಿಗೆ ಈ ಮುಜುಗರದ ಮರ್ಮ ಮೊದಲೇ ಗೊತ್ತಿತ್ತು ಅನಿಸುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ನೋಡಿರುತ್ತೀರಿ. ಇಬ್ಬರು ಕೈ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿಕೊಂಡು ನಿಂತಿರುತ್ತಾರೆ. ಒಳಗೆ ಬೆರಳಲ್ಲೇ ರೇಟು ಓಡಾಡುತ್ತಿರುತ್ತದೆ. ಸುತ್ತ ಇಪ್ಪತ್ತು ಜನ ಇದ್ದರೂ ಯಾರು ಎಷ್ಟಕ್ಕೆ ಕೇಳಿದರು, ಎಷ್ಟಕ್ಕೆ ಇಳಿದರು ಅಂತ ಮೂರನೆಯವರಿಗೆ ಗೊತ್ತಾಗುವುದಿಲ್ಲ. ವ್ಯಾಪಾರದ ಗುಟ್ಟು ಒಂದು ಕಡೆ. ತೀರಾ ಕಡಿಮೆ ಕೇಳಿದರೂ ಮುಖ ಉಳಿಯುತ್ತದೆ, ಅದು ಇನ್ನೊಂದು ಕಡೆ.

ನಮ್ಮ ಕಾಲದ ಟವೆಲ್ ಫೋನು. ಎದುರಿಗೆ ಕೂತು ಕೇಳಲು ಆಗದಿದ್ದರೆ "ಮನೆ ಇಷ್ಟ ಆಯ್ತು, ಸಾಯಂಕಾಲ ಫೋನ್ ಮಾಡ್ತೀನಿ" ಅಂತ ಎದ್ದು ಬನ್ನಿ. ಫೋನಲ್ಲಿ ಕೇಳಿ. ಚೀಟಿ ನೋಡಿಕೊಂಡು ಕೇಳಿದರೂ ಅವರಿಗೆ ಕಾಣುವುದಿಲ್ಲ.

ಎಷ್ಟು ಕಡಿಮೆ ಕೇಳಬಹುದು? ತೀರಾ ಕಡಿಮೆ ಕೇಳಿ ಅವಮಾನ ಆದರೆ?

ಅದೇ ರಸ್ತೆಯ, ಅಕ್ಕಪಕ್ಕದ ಕ್ರಾಸಿನ ಮೂರು ಟು-ಲೆಟ್ ಬೋರ್ಡಿಗೆ ಮೊದಲು ಫೋನ್ ಮಾಡಿ. ನೋಡಲು ಹೋಗಬೇಕಂತಿಲ್ಲ. 16,500, 17,000, 18,000 ಅಂತ ಕಿವಿಗೆ ಬಿದ್ದ ಮೇಲೆ 16,500 ಅನ್ನಲು ನಾಲಿಗೆ ತಡವರಿಸುವುದಿಲ್ಲ. ಭಯದಲ್ಲಿ ಅರ್ಧ ಭಾಗ ಅಂಕಿ ಗೊತ್ತಿಲ್ಲದ್ದರಿಂದ ಬರುವಂಥದ್ದು.

ಮಾತು ಹೀಗಿದ್ದರೆ ಸಾಕು: "ಆಂಟಿ, ಪಕ್ಕದ ಕ್ರಾಸಲ್ಲಿ ಇಷ್ಟೇ ಜಾಗದ್ದು ಹದಿನಾರೂವರೆಗೆ ಹೇಳಿದ್ರು. ನಮಗೆ ನಿಮ್ಮನೆನೇ ಇಷ್ಟ ಆಯ್ತು. ಸ್ವಲ್ಪ ನೋಡಿ ಹೇಳಿ." ಗೋಡೆ ಸರಿ ಇಲ್ಲ, ಗಾಳಿ ಇಲ್ಲ ಅಂತ ಅವರ ಮನೆಯನ್ನು ಹಳಿಯಬೇಡಿ. ಹೊಟ್ಟೆಬಟ್ಟೆ ಕಟ್ಟಿ ಕಟ್ಟಿಸಿದ ಮನೆ ಇರುತ್ತದೆ. ಅದನ್ನು ಬೈದರೆ ಐನೂರು ಇಳಿಸುವವರೂ ಇಳಿಸುವುದಿಲ್ಲ.

ಅವಮಾನದ ವಿಷಯ. ನಾನೊಂದು ಸಲ ಏನೂ ವಿಚಾರಿಸದೆ ಹೋಗಿ 18,000ದ ಮನೆಯನ್ನು 12,000ಕ್ಕೆ ಕೇಳಿದೆ. ಓನರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದು ನಾನು ಮದುವೆಯಾಗಿ ಬಂದಾಗಿನ ಬಾಡಿಗೆ ಕಣಪ್ಪ!" ನನ್ನ ಕಿವಿ ಕೆಂಪಾಯಿತು. ನಾನೂ ನಕ್ಕೆ. 17,500ಕ್ಕೆ ಮುಗಿಯಿತು, ಆ ಮನೆಯಲ್ಲಿ ಮೂರು ವರ್ಷ ಇದ್ದೆ. ಸಂಕ್ರಾಂತಿ ಎಳ್ಳು ಕೊಡಲು ಬಂದಾಗಲೆಲ್ಲ ಅವರು ಆ ಹನ್ನೆರಡು ಸಾವಿರ ನೆನಪಿಸುತ್ತಿದ್ದರು, ಅಷ್ಟೇ.

ಚೌಕಾಸಿನೇ ಮಾಡದೆ ಒಪ್ಪಿಕೊಂಡರೆ ಓನರಿಗೆ ಖುಷಿ ಆಗುತ್ತದೆ, ಸಂಬಂಧ ಚೆನ್ನಾಗಿರುತ್ತದೆ. ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಹೇಳಿದ ರೇಟಿಗೆ ಎದುರಿನವರು ತಕ್ಷಣ ಒಪ್ಪಿದರೆ, ಹೇಳಿದವರ ಮನಸ್ಸಿಗೆ ಬರುವುದು "ಅಯ್ಯೋ, ಇನ್ನೂ ಜಾಸ್ತಿ ಕೇಳಬಹುದಿತ್ತು" ಅನ್ನುವ ಮಾತು. 2002ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ತೋರಿಸಿದರು. ಮೊದಲ ಬೆಲೆಗೇ ವ್ಯವಹಾರ ಕುದುರಿದವರಿಗೆ, ಹಗ್ಗಜಗ್ಗಾಟ ಮಾಡಿ ಮುಗಿಸಿದವರಷ್ಟು ಸಮಾಧಾನ ಇರಲಿಲ್ಲ. ನಾನು ಆ ಹಾಲ್‌ನಲ್ಲಿ "ಆಯ್ತು ಸಾರ್" ಅಂದಾಗ ಯಜಮಾನರ ಮುಖದಲ್ಲಿ ಖುಷಿ ಕಾಣಲಿಲ್ಲ. ಹೆಂಡತಿಯ ಕಡೆ ನೋಡಿದರು. ಈಗ ಅರ್ಥವಾಗುತ್ತದೆ.

ಬಾಡಿಗೆ ಒಂದು ರೂಪಾಯಿಯೂ ಇಳಿಸಲ್ಲ ಅಂದುಬಿಟ್ಟರು. ಅಲ್ಲಿಗೆ ಮುಗೀತಾ?

ಬಾಡಿಗೆ ಮುಗಿಯಿತು, ಅಡ್ವಾನ್ಸ್ ಇದೆಯಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅಂದರೆ 1,80,000. ಅದರಲ್ಲಿ 1,00,000 ನಿಮ್ಮ ಹತ್ತಿರವೇ ಉಳಿದು, ಬ್ಯಾಂಕಿನಲ್ಲಿ ಶೇ. 7ರ ಬಡ್ಡಿ ಸಿಕ್ಕಿತು ಅನ್ನಿ. ವರ್ಷಕ್ಕೆ 7,000. ತಿಂಗಳಿಗೆ ಹತ್ತಿರ ಹತ್ತಿರ 580 ರೂಪಾಯಿ. ಬಾಡಿಗೆಯಲ್ಲಿ ಐನೂರು ಇಳಿಸಿದ್ದಕ್ಕಿಂತ ಒಂದು ಕೈ ಮೇಲೆ. ಬಾಡಿಗೆ ಇಳಿಸಿದರೆ ಅಕ್ಕಪಕ್ಕದ ಓನರ್‌ಗಳ ಮುಂದೆ ಸಣ್ಣವರಾದ ಹಾಗೆ ಅನ್ನುವವರು ಅಡ್ವಾನ್ಸಿನಲ್ಲಿ ಸಲೀಸಾಗಿ ಬಗ್ಗುತ್ತಾರೆ.

ಹತ್ತು ತಿಂಗಳ ಅಡ್ವಾನ್ಸ್ ರೂಢಿ, ಯಾವ ಕಾನೂನೂ ಹಾಗೆ ಹೇಳಿಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಅಂತಿದೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡ ಕಡೆ ಮಾತ್ರ ನಡೆಯುತ್ತದೆ. ಓನರ್ ಮುಂದೆ ಅದನ್ನು ಹಿಡಿದು ವಾದಕ್ಕೆ ಇಳಿಯಬೇಡಿ. "ಅಂಕಲ್, ಆರು ತಿಂಗಳದ್ದು ಈಗ ಕೊಡ್ತೀನಿ" ಅನ್ನುವುದರಲ್ಲಿ ಜಾಸ್ತಿ ಕೆಲಸ ಆಗುತ್ತದೆ.

ಹಾಗಾದರೆ ನಿಜವಾಗಿ ದುಬಾರಿಯಾಗುವ ತಪ್ಪು ಯಾವುದು?

ಕೇಳದೇ ಬಿಟ್ಟದ್ದು. ತಪ್ಪಾಗಿ ಕೇಳಿದ್ದಕ್ಕೆ ನಾನು ಯಾವತ್ತೂ ದುಡ್ಡು ಕಳೆದುಕೊಂಡಿಲ್ಲ.

ಮೂರನೇ ಮನೆ, ಬಾಡಿಗೆ 15,500 ಹೇಳಿದ್ದರು. ಹಿಂದಿನ ಮನೆಯ ಹೇಡಿತನ ನೆನಪಿತ್ತಲ್ಲ, ಹಟ ಹಿಡಿದು 15,000ಕ್ಕೆ ಇಳಿಸಿದೆ. ಯುದ್ಧ ಗೆದ್ದವನ ಹಾಗೆ ಮೆಟ್ಟಿಲು ಇಳಿದು ಬಂದೆ. 11 ತಿಂಗಳಾದ ಮೇಲೆ ಖಾಲಿ ಮಾಡಿದಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಪೇಂಟಿಂಗಿಗಂತೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಕರಾರು ಪತ್ರದಲ್ಲಿ ನೋಡಿದರೆ ಮೂರನೇ ಪುಟದಲ್ಲಿ ಆ ಸಾಲು ಇತ್ತು, ಕೆಳಗೆ ನನ್ನ ಸಹಿಯೂ ಇತ್ತು. ಉಳಿಸಿದ್ದು 5,500, ಕಳೆದದ್ದು 15,000. ಓದುವಾಗ ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು ಅನ್ನುವುದೇ ಬೇಜಾರು. ಮತ್ತೆ ಕೇಳಿದರೆ ಕಿರಿಕಿರಿ ಪಾರ್ಟಿ ಅಂದುಕೊಳ್ಳುತ್ತಾರೆ ಅಂತ ಸುಮ್ನಿದ್ದೆ.

ಆಮೇಲಿನಿಂದ ಬಾಡಿಗೆಗೆ ಹೋರಾಡುವ ಮೊದಲು ಇವನ್ನು ಕೇಳುತ್ತೇನೆ. ಪೇಂಟಿಂಗಿಗೆ ಎಷ್ಟು ಹಿಡಿಯುತ್ತೀರಿ? ಕಡಿಮೆ ದಿನ ಇದ್ದರೂ ಅಷ್ಟೇನಾ? ಖಾಲಿ ಮಾಡಲು ಎಷ್ಟು ತಿಂಗಳು ಮೊದಲು ಹೇಳಬೇಕು? ಅಡ್ವಾನ್ಸ್ ಬೀಗದ ಕೈ ಕೊಟ್ಟ ದಿನವೇ ವಾಪಸ್ಸಾ, ಹೊಸಬರು ಬಂದ ಮೇಲಾ? 11 ತಿಂಗಳಾದ ಮೇಲೆ ಎಷ್ಟು ಏರಿಸುತ್ತೀರಿ? ಶೇ. 5 ಅಂದರೆ 18,000 ಇದ್ದದ್ದು 18,900 ಆಗುತ್ತದೆ. ನೀರಿನ ವಿಷಯವನ್ನು 2024ರ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ: ಕಾವೇರಿ ನೀರು ಯಾವ ದಿನ ಬರುತ್ತದೆ, ಬೋರ್‌ವೆಲ್ ಇದೆಯಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ಕರೆಂಟಿಗೆ ನಿಮ್ಮ ಮನೆಗೇ ಬೇರೆ ಮೀಟರ್ ಇದೆಯಾ? ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ಇನ್ನೂ ಅಂಟಿಕೊಂಡಿದ್ದರೆ ಮೊದಲು ಅದನ್ನು ತೆಗೆಸಬೇಕು.

ಇಷ್ಟೆಲ್ಲ ಕೇಳಿದರೆ ದಡ್ಡ ಅಂದುಕೊಳ್ಳುವುದಿಲ್ಲವಾ?

ನನ್ನ ಅನುಭವದಲ್ಲಿ ಪ್ರಶ್ನೆ ಕೇಳುವವರನ್ನು ಓನರ್‌ಗಳು 'ನೀಟಾಗಿರೋ ಜನ' ಅನ್ನುತ್ತಾರೆ. ಬಹಳ ಜನ ಕೇಳಲು ನಾಚುವ ಪ್ರಶ್ನೆ ಒಂದಿದೆ: ಕರಾರು 11 ತಿಂಗಳಿಗೇ ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಲಿ ಅಂತ 11 ತಿಂಗಳು. ಅಷ್ಟೇ. ಒಬ್ಬ ಓನರನ್ನು ನಾನು ಕೇಳಿದಾಗ ಅವರಿಗೂ ಗೊತ್ತಿರಲಿಲ್ಲ. "ಎಲ್ರೂ ಹಂಗೇ ಮಾಡ್ತಾರಪ್ಪ" ಅಂದರು.

ಬಾಯಿತಪ್ಪಿ 'ಆಯ್ತು' ಅಂದುಬಿಟ್ಟೆ. ಈಗ ಹೇಗೆ ವಾಪಸ್ ಹೋಗಿ ಕೇಳಲಿ?

ದುಡ್ಡು ಕೈ ಬದಲಾಗಿದೆಯಾ? ಇಲ್ಲ ಅಂದರೆ ಇನ್ನೂ ಮಾತು ಬಾಗಿಲಲ್ಲೇ ಇದೆ. ಅದೇ ದಿನ ಫೋನ್ ಮಾಡಿ. "ಸಾರ್, ಬೆಳಗ್ಗೆ ಆಯ್ತು ಅಂದೆ. ಮನೇಲಿ ಕೂತು ಲೆಕ್ಕ ಹಾಕಿದ್ವಿ, ಸ್ವಲ್ಪ ಭಾರ ಆಗ್ತಿದೆ. ಹದಿನೇಳೂವರೆಗೆ ಮಾಡ್ಕೊಟ್ರೆ ನಾಳೆನೇ ಅಡ್ವಾನ್ಸ್ ತರ್ತೀನಿ." ಮಾತು ತಪ್ಪಿದ ಹಾಗಾಗುತ್ತದೆ ಅಂತ ಅನಿಸುತ್ತದೆ, ನಿಜ. ಒಂದು ನಿಮಿಷದ ಮುಜುಗರ. ಅವರು ಆಗಲ್ಲ ಅಂದರೂ ಮನೆ ಅದೇ ರೇಟಿಗೆ ಇರುತ್ತದೆ. ಆದರೆ ಎರಡನೇ ಸಲ ಹೀಗೆ ಮಾಡಬೇಡಿ, ಅದು ನಿಜಕ್ಕೂ ಚೆನ್ನಾಗಿರುವುದಿಲ್ಲ.

ಟೋಕನ್ ಅಡ್ವಾನ್ಸ್ ಕೊಟ್ಟ ಮೇಲೆ ಕಥೆ ಬೇರೆ. ಮನಸ್ಸು ಬದಲಾದರೆ ಆ ದುಡ್ಡು ವಾಪಸ್ಸಾ ಇಲ್ಲವಾ ಅಂತ ಕೊಡುವ ಮೊದಲೇ ಕೇಳಿಕೊಳ್ಳಿ.

ಇನ್ನು "ಆಯ್ತು" ಬಾಯಿಗೆ ಬರುವುದನ್ನು ತಡೆಯಲು ನಮ್ಮ ಭಾಷೆಯಲ್ಲೇ ಒಂದು ಮಾತಿದೆ: "ಮನೇಲಿ ಒಂದ್ಮಾತು ಕೇಳಿ ಹೇಳ್ತೀನಿ." ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಕೇಳದೆ ನಿರ್ಧಾರ ಮಾಡುವವರ ಬಗ್ಗೆಯೇ ಓನರಿಗೆ ಅನುಮಾನ ಜಾಸ್ತಿ. ನೀವು ಒಬ್ಬರೇ ಇದ್ದರೂ ಪರವಾಗಿಲ್ಲ, ಊರಲ್ಲಿ ಅಮ್ಮ ಇದ್ದಾರಲ್ಲ. ನಿಜವಾಗಿಯೂ ಕೇಳಿ. ನನ್ನ ಅಮ್ಮ ಫೋನಲ್ಲೇ "ಅಡುಗೆಮನೆಗೆ ಕಿಟಕಿ ಇದ್ಯಾ?" ಅಂತ ಕೇಳಿದ್ದರಿಂದ ಒಂದು ಮನೆ ತಪ್ಪಿತು. ಒಳ್ಳೆಯದೇ ಆಯಿತು.

ಅವರು ಸುಮ್ನೆ ಕೂತುಬಿಟ್ಟರೆ ತಡೆಯಲಾರದೆ ನಾನೇ ರೇಟು ಏರಿಸಿಬಿಡುತ್ತೇನೆ.

ಇದು ನನ್ನದೂ ಕಾಯಿಲೆ. 17,000 ಅಂದು, ಅವರು ಚಾವಣಿ ನೋಡಿದರೆ "ಹದಿನೇಳೂವರೆ ಆದ್ರೂ ಪರವಾಗಿಲ್ಲ" ಅನ್ನುವವನು ನಾನು. ಈಗ ಕೇಳಿದ ಮೇಲೆ ಎದ್ದು ಹೋಗಿ ನಲ್ಲಿ ತಿರುಗಿಸುತ್ತೇನೆ. ನೀರಿನ ರಭಸ ನೋಡಿದ ಹಾಗೂ ಆಯಿತು, ಬಾಯಿ ಮುಚ್ಚಿಕೊಂಡ ಹಾಗೂ ಆಯಿತು.

ನಡುವೆ ಬ್ರೋಕರ್ ಇದ್ದರೆ ಅವರೇ ಮಾತಾಡುತ್ತಾರಲ್ಲ?

ಮಾತಾಡುತ್ತಾರೆ. ಅವರ ಕಮಿಷನ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಬಾಡಿಗೆ ಇಳಿದರೆ ಅವರದ್ದೂ ಇಳಿಯುತ್ತದೆ. ಅಷ್ಟು ನೆನಪಿಟ್ಟುಕೊಂಡು ಕೇಳಿಸಿಕೊಳ್ಳಿ.

ನಾನು ಗದಗದವನು. ನಮ್ಮ ಮಾತು ಇಲ್ಲಿನವರಿಗೆ ಒರಟು ಅನಿಸಿ ಕೆಲಸ ಕೆಟ್ಟರೆ?

ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯನೂ ಆ ಕಡೆಯವನೇ. ಮಂಡ್ಯ ಕಡೆಯ ಓನರ್ ಮುಂದೆ "ಭಾಳ ಆತ್ರೀ ಸರ, ಸ್ವಲ್ಪ ಕಮ್ಮಿ ಮಾಡ್ರೀ" ಅಂದ. ನಾನು ಅರ್ಧ ಗಂಟೆ ಸುತ್ತಿ ಬಳಸಿ ಕೇಳುವುದನ್ನು ಅವನು ಒಂದು ಸಾಲಿನಲ್ಲಿ ಮುಗಿಸಿದ್ದ. ಓನರ್ ನಕ್ಕು ಐನೂರು ಬಿಟ್ಟರು. ಆ 'ರೀ'ಯಲ್ಲಿ ಇರುವಷ್ಟು ಮರ್ಯಾದೆ ನನ್ನ 'ಸಾರ್, ಸಾರ್'ನಲ್ಲಿ ಇಲ್ಲ.

ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ತೆರಿಗೆ ವಿನಾಯಿತಿ ಪಡೆಯಲು ಓನರ್ ಪ್ಯಾನ್ ಬೇಕು. ಕೇಳಿದರೆ ಮನೆನೇ ಕೊಡಲ್ಲ ಅಂದರೆ?

ಮೊದಲು ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದೀರಾ ನೋಡಿಕೊಳ್ಳಿ. ಹೊಸದರಲ್ಲಿ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ, ಸುಮ್ನೆ ಯಾಕೆ ತಲೆನೋವು. ಹಳೆಯದರಲ್ಲಿದ್ದು ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕಾಗುತ್ತದೆ. 18,000ದ ಮನೆ ಎಂದೋ ದಾಟುತ್ತದೆ. ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಜನವರಿಯಲ್ಲಿ ಆಫೀಸಿನವರು ದಾಖಲೆ ಕೇಳಿದಾಗ ಓನರ್ ಹತ್ತಿರ ಓಡಿ ಜಗಳ ಮಾಡಿಕೊಂಡವರನ್ನು ನೋಡಿದ್ದೇನೆ. ಪ್ಯಾನ್ ಕೊಡಲ್ಲ ಅಂದರೆ, ನಿಮಗೆ ತೆರಿಗೆಯಲ್ಲಿ ಆಗುವ ನಷ್ಟವನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಆಗ ಆ ಮನೆ ನಿಜವಾಗಿ 18,000ದ್ದಲ್ಲ ಅಂತ ಗೊತ್ತಾಗುತ್ತದೆ.

ಮಾತಾಡಿದ್ದು ಒಂದು, ಆಮೇಲೆ ಆಗುವುದು ಇನ್ನೊಂದು ಆದರೆ?

ಮನೆಗೆ ಹೋದ ಮೇಲೆ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಿ. "ಅಂಕಲ್, ಇವತ್ತು ಮಾತಾಡಿದ್ದು: ಬಾಡಿಗೆ 17,500, ಅಡ್ವಾನ್ಸ್ 1,00,000, ಪೇಂಟಿಂಗಿಗೆ ಅರ್ಧ ತಿಂಗಳು, ಖಾಲಿ ಮಾಡಲು ಒಂದು ತಿಂಗಳು ಮೊದಲು ಹೇಳೋದು. ಸರಿ ಇದ್ಯಾ?" ಅವರು ಒಂದು ಹೆಬ್ಬೆಟ್ಟಿನ ಗುರುತು ಕಳಿಸಿದರೂ ಸಾಕು. ಕರಾರು ಪತ್ರ ಬಂದಾಗ ಪಕ್ಕದಲ್ಲಿಟ್ಟುಕೊಂಡು ಓದಿ. ಬಾಯಲ್ಲಿ ತಡವರಿಸಿದ್ದು, ಮರೆತದ್ದು ಎಲ್ಲ ಇಲ್ಲಿ ಸರಿ ಮಾಡಿಕೊಳ್ಳಬಹುದು.

ಓನರ್‌ಗೆ ಇಂಥ ಭಯ ಏನೂ ಇರಲ್ಲ ಬಿಡಿ.

ಹಾಸನದಲ್ಲಿ ನನ್ನ ಚಿಕ್ಕಮ್ಮನ ಮನೆ ಮಹಡಿ ಬಾಡಿಗೆಗಿದೆ. ಒಂದು ಭಾನುವಾರ ಅಲ್ಲಿದ್ದೆ. ಸಾಯಂಕಾಲ ಯಾರೋ ಮನೆ ನೋಡಲು ಬರುವವರಿದ್ದರು. ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಾ ಒಂದೇ ಸಮನೆ ಕೇಳುತ್ತಿದ್ದರು. "ಒಂಬತ್ತು ಅನ್ಲಾ, ಎಂಟೂವರೆ ಅನ್ಲಾ? ಒಂಬತ್ತು ಅಂದ್ರೆ ಎದ್ದು ಹೋಗ್ಬಿಟ್ರೆ? ಎಂಟೂವರೆ ಅಂದ್ರೆ ಕೆಳಗಿಂದ ಕೇಳ್ತಾರೆ. ನೀನೇ ಮಾತಾಡೋ." ಎರಡು ತಿಂಗಳಿಂದ ಮನೆ ಖಾಲಿ. ಹಿಂದಿನವರು ಕೊನೆಯ ಮೂರು ತಿಂಗಳು ಬಾಡಿಗೆಯನ್ನು ಸತಾಯಿಸಿ ಕೊಟ್ಟಿದ್ದರು.

ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಆ ಹುಡುಗ ಮೆಟ್ಟಿಲ ಹತ್ತಿರ ನಿಂತು, ಬೆವರು ಒರೆಸಿಕೊಂಡು, "ಅಮ್ಮ, ನಂಗೆ ಒಂದನೇ ತಾರೀಕು ಸಂಬಳ. ಎರಡನೇ ತಾರೀಕು ನಿಮ್ಮ ಅಕೌಂಟಲ್ಲಿ ಇರುತ್ತೆ" ಅಂದ. ರೇಟು ಇಳಿಸಿ ಅಂತ ಅವನಿನ್ನೂ ಕೇಳಿಯೇ ಇರಲಿಲ್ಲ. ಚಿಕ್ಕಮ್ಮನೇ "ಎಂಟೂವರೆ ಕೊಡಿ ಸಾಕು" ಅಂದುಬಿಟ್ಟರು. ಒಳಗೆ ಬಂದು ನನ್ನನ್ನು ಕೇಳಿದರು: "ತಪ್ಪು ಮಾಡಿದ್ನೇನೋ?"

ಅಪ್ಪನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಒಬ್ಬರು ಮನೆ ನೋಡಿ, ಇನ್ನೊಬ್ಬರು ಮಾತಾಡಿ. ಆದರೆ ಹೋಗುವ ಮೊದಲು ಎಷ್ಟರ ತನಕ ಹೋಗಬಹುದು ಅಂತ ಇಬ್ಬರೂ ಮಾತಾಡಿಕೊಂಡಿರಿ. ನನ್ನ ಅಪ್ಪ ಒಮ್ಮೆ ಓನರ್ ಎದುರಿಗೇ "ಇಪ್ಪತ್ತರ ತನಕ ಕೊಡ್ತೀನಿ ಅಂದಿದ್ಯಲ್ಲೋ" ಅಂದಿದ್ದರು.

ಜಾಸ್ತಿ ಚೌಕಾಸಿ ಮಾಡಿ ಮನೆಯೇ ಕೈತಪ್ಪಿ ಹೋಯಿತು. ಈಗಲೂ ಕೊರಗುತ್ತಿದ್ದೇನೆ.

ನನಗೂ ಹೀಗೆ ಒಂದು ಹೋಗಿದೆ. ಮತ್ತೀಕೆರೆಯಲ್ಲಿ ಎರಡನೇ ಮಹಡಿ, ಬಾಲ್ಕನಿಗೆ ಸಂಪಿಗೆ ಮರ ತಾಗುತ್ತಿತ್ತು. ಐನೂರು ರೂಪಾಯಿಗೆ ಎರಡು ದಿನ ಎಳೆದಾಡಿದೆ. ಮೂರನೇ ದಿನ ಫೋನ್ ಮಾಡಿದರೆ ಬೇರೆಯವರಿಗೆ ಕೊಟ್ಟಾಗಿತ್ತು. ಒಂದು ವಾರ ಊಟ ರುಚಿಸಲಿಲ್ಲ. ಅಷ್ಟೊಂದು ಇಷ್ಟವಾದ ಮನೆಗೆ ಎರಡು ದಿನ ಕಾಯಿಸಬಾರದಿತ್ತು, ಅದು ನನ್ನದೇ ತಪ್ಪು. ಹದಿನೈದು ದಿನದಲ್ಲಿ ಬೇರೆ ಮನೆ ಸಿಕ್ಕಿತು. ಮರ ಇರಲಿಲ್ಲ, ಬಸ್ ಸ್ಟಾಪ್ ಹತ್ತಿರವಿತ್ತು.

ಆ ರಸ್ತೆಯಲ್ಲಿ ಈಗಲೂ ಆಗಾಗ ಹೋಗುತ್ತಿರುತ್ತೇನೆ. ಹೋದ ವಾರ ಅದೇ ಗೇಟಿಗೆ ಮತ್ತೆ ಟು-ಲೆಟ್ ಬೋರ್ಡ್ ನೇತಾಡುತ್ತಿತ್ತು. ಗಾಡಿ ನಿಲ್ಲಿಸಿ ನಂಬರಿನ ಫೋಟೋ ತೆಗೆದುಕೊಂಡೆ.